ಸರ್‌ನೇಮಿನ ಪ್ರಾಸ, ಜನ್ಮದ ತ್ರಾಸ

ಮನುಷ್ಯನ ಹಣೆಬರಹವನ್ನು ಬ್ರಹ್ಮ ಬರೆಯುತ್ತಾನೆ ಎನ್ನುವವರಿದ್ದಾರೆ, ಗ್ರಹಗತಿ ಬರೆಯುತ್ತದೆ ಎನ್ನುವವರೂ ಇದ್ದಾರೆ. ಇಂಗ್ಲಿಷ್ ಆಡುವ ಲೋಕದ ಮಟ್ಟಿಗೆ ಆ ಕೆಲಸದಲ್ಲಿ ದೊಡ್ಡ ಪಾಲು ಪ್ರಾಸದ್ದು ಎಂಬುದು ನನ್ನ ವಾದ. ಒಬ್ಬನ ಸರ್‌ನೇಮಿಗೆ ಇಂಗ್ಲಿಷಿನಲ್ಲಿ ಯಾವ ಪದ ಪ್ರಾಸವಾಗಿ ಕೂಡುತ್ತದೋ, ಆ ಪದದ ಗುಣದೋಷಗಳೆಲ್ಲ ಅವನ ಲೆಕ್ಕಕ್ಕೆ ಜಮೆಯಾಗುತ್ತವೆ. ಅವನು ಏನು ಮಾಡಿದ, ಏನು ಬಿಟ್ಟ ಎಂಬುದು ಆಮೇಲಿನ ಮಾತು. ಹಾಗಾಗಿ ತಮ್ಮ ಸರ್‌ನೇಮಿಗೆ ಪ್ರಾಸವೇ ಸಿಗುವುದಿಲ್ಲವೆಂದು ಕೊರಗುವವರು ಕೊರಗಬೇಕಾಗಿಲ್ಲ. ಅದು ಪೂರ್ವಜನ್ಮದ ಪುಣ್ಯ.

ಮೊದಲ ಸಾಕ್ಷಿ ಲಂಡನ್ನಿನದು. ಅಲ್ಲಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದುತ್ತಿದ್ದ ಎಡ್ಮಂಡ್ ಕ್ಲೆರಿಹ್ಯೂ ಬೆಂಟ್ಲಿ ಎಂಬ ಹುಡುಗನಿಗೆ ಒಂದು ಚೇಷ್ಟೆ ಹೊಳೆಯಿತು. ದೊಡ್ಡ ಮನುಷ್ಯರೊಬ್ಬರ ಹೆಸರನ್ನು ಮೊದಲ ಸಾಲಿನ ತುದಿಗೆ ಕೂರಿಸುವುದು, ಅದಕ್ಕೆ ಪ್ರಾಸವಾದದ್ದನ್ನು ಎರಡನೆಯ ಸಾಲಿಗೆ ಎಳೆದು ತರುವುದು, ಉಳಿದೆರಡು ಸಾಲಿನಲ್ಲಿ ಜೀವನಚರಿತ್ರೆ ಮುಗಿಸಿ ಕೈತೊಳೆದುಕೊಳ್ಳುವುದು. 1905ರಲ್ಲಿ ಇವು ‘ಬಯಾಗ್ರಫಿ ಫಾರ್ ಬಿಗಿನರ್ಸ್’ ಎಂಬ ಪುಸ್ತಕವಾದವು. ಗೆಳೆಯ ಜಿ. ಕೆ. ಚೆಸ್ಟರ್‌ಟನ್ ಚಿತ್ರ ಬರೆದ. ಕವಿಯ ನಡುಹೆಸರೇ ಈ ಪ್ರಕಾರಕ್ಕೂ ಅಂಟಿ ‘ಕ್ಲೆರಿಹ್ಯೂ’ ಎಂದಾಯಿತು. ಇದಕ್ಕೆ ಬಲಿಯಾದ ಮೊದಲಿಗ ವಿಜ್ಞಾನಿ ಹಂಫ್ರಿ ಡೇವಿ. 1807ರಲ್ಲಿ ಪೊಟ್ಯಾಸಿಯಂ, ಅದರ ಬೆನ್ನಿಗೇ ಸೋಡಿಯಂ ಬೇರ್ಪಡಿಸಿದವನು, 1815ರಲ್ಲಿ ಗಣಿಕಾರ್ಮಿಕರಿಗೆ ಸುರಕ್ಷಿತ ದೀಪ ಮಾಡಿಕೊಟ್ಟವನು. ಪದ್ಯದ ಪ್ರಕಾರ ಅವನ ಮುಖ್ಯ ಲಕ್ಷಣವೆಂದರೆ ಗ್ರೇವಿ ಕಂಡರೆ ಆಗದಿರುವುದು. ಪುರಾವೆ ಏನೆಂದರೆ ಡೇವಿ, ಗ್ರೇವಿ, ಅಷ್ಟೇ. ಮೊದಲು ಸಿಕ್ಕಿದ ಪೊಟ್ಯಾಸಿಯಂಗೆ ಪದ್ಯದಲ್ಲಿ ಜಾಗವೇ ಇಲ್ಲ, ಏಕೆಂದರೆ ಅದಕ್ಕೆ ಸುಲಭಕ್ಕೆ ಜೋಡಿ ಸಿಗದು. ಸೋಡಿಯಮ್ಮಿಗೆ ‘ಓಡಿಯಂ’ ಇತ್ತು, ಅಂದರೆ ಜನರ ತಿರಸ್ಕಾರ. ಹೀಗಾಗಿ ಬಡಪಾಯಿ ಡೇವಿ ಸೋಡಿಯಂ ಕಂಡುಹಿಡಿದ ಅಪರಾಧಕ್ಕೆ ತಿರಸ್ಕಾರವನ್ನೂ ಹೊತ್ತ. ಇನ್ನೊಂದು ಪದ್ಯದಲ್ಲಿ ಸೇಂಟ್ ಪಾಲ್ಸ್ ಕೆಥೀಡ್ರಲ್ಲಿನ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಊಟಕ್ಕೆ ಹೊರಡುತ್ತಾನೆ. ಜೊತೆಗೆ ಬರೀ ಗಂಡಸರು. ರೆನ್‌ಗೆ ಹೊಂದುವುದು ‘ಮೆನ್’. ‘ವಿಮೆನ್’ ಅನ್ನು ಕರೆದರೆ ಒತ್ತು ತಪ್ಪುತ್ತದೆ.

ಇದು ಹುಡುಗಾಟ, ಇದರಿಂದ ಯಾರ ಮಾನ ಹೋಯಿತು ಎಂದು ಕೇಳಬಹುದು. ಡಾಕ್ಟರ್ ಫೆಲ್ ಅವರದು ಹೋಯಿತು. ಜಾನ್ ಫೆಲ್ ಹದಿನೇಳನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ಡೀನ್ ಆಗಿದ್ದವರು, ಮುಂದೆ ಬಿಷಪ್ ಆದವರು. ವಿಶ್ವವಿದ್ಯಾಲಯದ ಮುದ್ರಣಾಲಯಕ್ಕೆ ಒಳ್ಳೆಯ ಅಚ್ಚಿನ ಮೊಳೆಗಳನ್ನು ಕೂಡಿಸಿಕೊಟ್ಟ ಪುಣ್ಯವೂ ಅವರದೇ. ಕಾಲೇಜಿನಿಂದ ಹೊರದಬ್ಬಿಸಿಕೊಳ್ಳಲಿದ್ದ ಟಾಮ್ ಬ್ರೌನ್ ಎಂಬ ವಿದ್ಯಾರ್ಥಿಗೆ, ಲ್ಯಾಟಿನ್ ಕವಿ ಮಾರ್ಷಿಯಲ್‌ನ ಒಂದು ಚುಟುಕವನ್ನು ನಿಂತ ನಿಲುವಿನಲ್ಲೇ ಅನುವಾದಿಸಿದರೆ ಕ್ಷಮಿಸುವುದಾಗಿ ಅವರು ಹೇಳಿದರೆಂದು ಪ್ರತೀತಿ. ಆ ಚುಟುಕದಲ್ಲಿ ಕವಿ ಸಬಿಡಿಯಸ್ ಎಂಬುವನನ್ನು ಕಂಡರಾಗದು ಎನ್ನುತ್ತಾನೆ, ಏಕೆಂದು ಮಾತ್ರ ಹೇಳಲಾರೆ ಎನ್ನುತ್ತಾನೆ. ಹುಡುಗ ‘ಹೇಳು’ ಎಂಬುದಕ್ಕೆ ‘ಟೆಲ್’ ಹಾಕಿದ. ಟೆಲ್‌ಗೆ ತಕ್ಕ ಹೆಸರು ಎದುರಿಗೇ ಕುರ್ಚಿಯಲ್ಲಿ ಕೂತಿತ್ತು. ಡೀನ್ ಸಾಹೇಬರ ಸರ್‌ನೇಮು ಹಾಪ್‌ಕಿನ್ಸ್ ಎಂದಿದ್ದರೆ ಸಬಿಡಿಯಸ್ ರೋಮಿನಲ್ಲೇ ಉಳಿಯುತ್ತಿದ್ದ. ಈಗ ಮೂರು ಶತಮಾನಗಳಿಂದ, ಕಾರಣವಿಲ್ಲದೆ ಯಾರನ್ನಾದರೂ ಕಂಡರಾಗದಿದ್ದಾಗಲೆಲ್ಲ ಇಂಗ್ಲಿಷಿನವರು ಫೆಲ್ ಅವರನ್ನು ನೆನೆಯುತ್ತಾರೆ. ಮೊಳೆಗಳನ್ನು ನೆನೆಯುವವರು ಅಚ್ಚಿನ ಮನೆಯವರು ಮಾತ್ರ.

ಪ್ರಾಸದ ಕೈ ರಾಜಕೀಯಕ್ಕೂ ಚಾಚುತ್ತದೆ. 1884ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಜೇಮ್ಸ್ ಜಿ. ಬ್ಲೇನ್. ಹುಟ್ಟಿದ್ದು ಪೆನ್ಸಿಲ್ವೇನಿಯಾದಲ್ಲಿ, ರಾಜಕೀಯ ಮಾಡಿದ್ದು ಮೇನ್ ರಾಜ್ಯದಲ್ಲಿ. ಬ್ಲೇನ್, ಮೇನ್! ಎದುರಾಳಿಗಳು ಇವೆರಡರ ನಡುವೆ ‘ಸುಳ್ಳುಗಾರ’ ಎಂಬ ಪದ ತುರುಕಿ ಬೀದಿಬೀದಿಯಲ್ಲಿ ಕೂಗಿದರು. ಮನುಷ್ಯ ಹುಟ್ಟೂರಲ್ಲೇ ಇದ್ದಿದ್ದರೆ ಘೋಷಣೆ ಬರೆಯುವವರು ಪೆನ್ಸಿಲ್ವೇನಿಯಾಕ್ಕೆ ಪ್ರಾಸ ಹುಡುಕುತ್ತಲೇ ಚುನಾವಣೆ ಮುಗಿದಿರುತ್ತಿತ್ತು. ಈಗ ಎದುರಿನ ಗ್ರೋವರ್ ಕ್ಲೀವ್‌ಲ್ಯಾಂಡನ್ನು ನೋಡಿ. ಮದುವೆಯಾಗದೆ ಹುಟ್ಟಿದ ಮಗುವೊಂದರ ಖರ್ಚು ಕೊಟ್ಟದ್ದನ್ನು ಅವನೇ ಒಪ್ಪಿಕೊಂಡಿದ್ದ. ಬೈಯಲು ಇದಕ್ಕಿಂತ ರಸವತ್ತಾದ ಸರಕು ಬೇಕೆ? ಆದರೆ ಕ್ಲೀವ್‌ಲ್ಯಾಂಡ್ ಎಂಬ ಹೆಸರಿಗೆ ಪ್ರಾಸ ಎಲ್ಲಿ ತರುವುದು? ರಿಪಬ್ಲಿಕನ್ನರು ವಿಧಿಯಿಲ್ಲದೆ ‘ಮಾ’ಗೆ ‘ಪಾ’ ಕೂಡಿಸಿ, ಮಗುವಿನ ಬಾಯಲ್ಲಿ ಅಪ್ಪನೆಲ್ಲಿ ಎಂದು ಕೇಳಿಸಿದರು. ಅಪ್ಪನ ಹೆಸರು ಮಾತ್ರ ಘೋಷಣೆಯೊಳಗೆ ಬರಲಿಲ್ಲ. ಗೆದ್ದವನು ಕ್ಲೀವ್‌ಲ್ಯಾಂಡ್. ಬ್ಲೇನ್ ಸೋತದ್ದು ಪ್ರಾಸದಿಂದಲ್ಲ, ಅವನ ಬೆಂಬಲಿಗ ಪಾದ್ರಿಯೊಬ್ಬ ಕ್ಯಾಥೊಲಿಕರನ್ನು ಕೆಣಕಿದ್ದರಿಂದ, ನ್ಯೂಯಾರ್ಕ್ ಕೈತಪ್ಪಿದ್ದರಿಂದ ಎಂದು ಇತಿಹಾಸ ಬಲ್ಲವರು ತಿದ್ದುತ್ತಾರೆ. ಒಪ್ಪಿದೆ. ಆ ಪಾದ್ರಿ ಆಡಿದ್ದಾದರೂ ಏನು? ವಿರೋಧಪಕ್ಷದ ಮೂರು ದೋಷಗಳನ್ನು ‘ಆರ್’ ಅಕ್ಷರದಿಂದಲೇ ಶುರುವಾಗುವ ಮೂರು ಪದಗಳಲ್ಲಿ ಪೋಣಿಸಿದ. ಅಂತ್ಯಪ್ರಾಸದಿಂದ ಪಾರಾದರೂ ಅನುಪ್ರಾಸ ಬಿಡಲಿಲ್ಲ.

ಬುದ್ಧಿವಂತರು ಇದಕ್ಕೆಲ್ಲ ಮರುಳಾಗುವುದಿಲ್ಲ ಎಂಬುದು ಇನ್ನೊಂದು ಆಕ್ಷೇಪ. 2000ದಲ್ಲಿ ಮೆಕ್‌ಗ್ಲೋನ್ ಮತ್ತು ತೊಫಿಘ್‌ಬಕ್ಷ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನ ಕೇಳಿರದ ಇಂಗ್ಲಿಷ್ ನಾಣ್ಣುಡಿಗಳನ್ನು ಪ್ರಾಸವಿಟ್ಟೂ, ಅದೇ ಅರ್ಥ ಉಳಿಸಿ ಪ್ರಾಸ ಕೆಡಿಸಿಯೂ ವಿದ್ಯಾರ್ಥಿಗಳಿಗೆ ಕೊಟ್ಟರು. ಪ್ರಾಸವಿದ್ದದ್ದೇ ಹೆಚ್ಚು ನಿಜವೆಂದು ಅವರಿಗೆ ತೋರಿತು. ಮಾತಿನ ಚೆಲುವು ಬೇರೆ, ಹುರುಳು ಬೇರೆ ಎಂದು ಮೊದಲೇ ಎಚ್ಚರಿಸಿದಾಗ ಮಾತ್ರ ಆ ಮಾಯೆ ಇಳಿಯಿತು. ಕಾಲೇಜು ಮೆಟ್ಟಿಲು ಹತ್ತಿದವರ ಪಾಡೇ ಇದಾದರೆ, ಡೇವಿ ಗ್ರೇವಿ ಮುಟ್ಟುತ್ತಿರಲಿಲ್ಲ ಎಂಬುದನ್ನು ನಂಬುವವರ ತಪ್ಪೇನಿದೆ?

ಸಮರ್ಥ ಕವಿಗೆ ಯಾವ ಹೆಸರೂ ಅಸಾಧ್ಯವಲ್ಲ, ಆದ್ದರಿಂದ ಪ್ರಾಸವಿಲ್ಲದ ಸರ್‌ನೇಮು ಎಂಬುದೇ ಸುಳ್ಳು ಎನ್ನುವವರೂ ಇದ್ದಾರೆ. ಇದರಲ್ಲಿ ಹುರುಳಿದೆ. ಬೈರನ್ ತನಗಾಗದ ಆಸ್ಥಾನಕವಿ ಸೌದಿಯನ್ನು ಬಾಯಿಬಡುಕ ಎಂಬರ್ಥದ ‘ಮೌದಿ’ಗೆ ಗಂಟುಹಾಕಿದ. ಆರೆಂಜ್ ಪದಕ್ಕೆ ಪ್ರಾಸವೇ ಇಲ್ಲ ಎಂಬ ಇಂಗ್ಲಿಷ್ ಕವಿಗಳ ಹಳೆಯ ಗೋಳಿಗೆ ಪರಿಹಾರ ಸಿಕ್ಕಿದ್ದೇ ಒಂದು ಸರ್‌ನೇಮಿನಲ್ಲಿ. ಸುಮಾರು 200 ಟನ್ ತೂಗುವ ಈಜಿಪ್ಟಿನ ಕಲ್ಲುಕಂಬವನ್ನು ಸಮುದ್ರ ದಾಟಿಸಿ, 1881ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ನಿಲ್ಲಿಸಿದ ನೌಕಾಧಿಕಾರಿ ಹೆನ್ರಿ ಗಾರಿಂಜ್ ಅವನು. ಅಷ್ಟು ದೊಡ್ಡ ಕಲ್ಲು ಹೊತ್ತವನು ಪದ್ಯಪ್ರಿಯರ ಬಾಯಲ್ಲಿ ಉಳಿದದ್ದು ಕಿತ್ತಳೆಹಣ್ಣಿನ ಜೋಡಿಯಾಗಿ! ಇದು ನನ್ನ ವಾದಕ್ಕೇ ಬಲ. ಪ್ರಾಸ ಕಷ್ಟದಲ್ಲಿ ಸಿಕ್ಕರೂ ಸುಲಭದಲ್ಲಿ ಸಿಕ್ಕರೂ ಸಿಕ್ಕಿಬಿದ್ದವನಿಗೆ ಬಿಡುಗಡೆಯಿಲ್ಲ. ಚಮ್ಲಿ ಎಂದು ಓದುವುದನ್ನು ಚೋಲ್ಮಂಡೆಲಿ ಎಂಬಂತೆಯೂ, ಫ್ಯಾನ್‌ಶಾ ಎನ್ನುವುದನ್ನು ಫೆದರ್‌ಸ್ಟೋನ್‌ಹಾ ಎಂಬಂತೆಯೂ ಬರೆದುಕೊಳ್ಳುವ ಇಂಗ್ಲಿಷ್ ಶ್ರೀಮಂತರು ಕವಿಗಳ ದಾರಿ ತಪ್ಪಿಸಲೆಂದೇ ಹಾಗೆ ಮಾಡಿರಬೇಕೆಂದು ನನ್ನ ಗುಮಾನಿ.

ಇಂಗ್ಲಿಷರ ನಾಡಿಗೆ ಹೋಗಿ ನೆಲೆಸುವ ಕನ್ನಡಿಗರೂ ಇದನ್ನು ಯೋಚಿಸಬೇಕು. ರಾವ್ ಮುಂದೆ ಅಕ್ಷರಮಾಲೆ ಓಡಿಸಿದರೆ ಬೌ, ಕೌ, ಹೌ, ನೌ, ವೌ ಎಂದು ಕೊಟ್ಟಿಗೆಯಿಂದ ಅಚ್ಚರಿಯವರೆಗೆ ಎಲ್ಲವೂ ಸಾಲುಗಟ್ಟುತ್ತವೆ. ಶೆಟ್ಟರಿಗೆ ಸ್ಪಗೆಟಿ ಕಾದಿದೆ. ಹೋಟೆಲಿನವರಾದರೆ ಮೆನುವಿಗೆ ಸೇರಿಸಿಕೊಂಡು ಲಾಭ ಮಾಡಬಹುದು. ಬ್ರಿಟಿಷರು ಪದದ ಕೊನೆಯ ರಕಾರ ನುಂಗುವುದರಿಂದ ಗೌಡರಿಗೆ ಪೌಡರ್ ತಪ್ಪಿದ್ದಲ್ಲ. ತಲೆಮಾರುಗಟ್ಟಲೆ ಊರಿನ ಲೆಕ್ಕ ಬರೆದ ಕುಲಕರ್ಣಿಗಳಿಗೆ ಬಂದದ್ದು ‘ಬ್ಲಾರ್ನಿ’, ಅಂದರೆ ಬೆಣ್ಣೆ ಹಚ್ಚುವ ಮಾತು. ನಿಶ್ಚಿಂತೆಯಿಂದ ಇರಬಹುದಾದವರು ಹೆಗ್ಡೆಗಳು. ಆ ‘ಗ್ಡೆ’ಯನ್ನು ಹೇಳುವಷ್ಟರಲ್ಲಿ ಇಂಗ್ಲಿಷಿನವನ ನಾಲಿಗೆ ಸುಸ್ತಾಗಿರುತ್ತದೆ, ಪ್ರಾಸ ಹುಡುಕುವ ಉಮೇದು ಉಳಿಯುವುದಿಲ್ಲ. ಕನ್ನಡದೊಳಗೆ ಇದ್ದವರಿಗೆ ಈ ಭಯವಿಲ್ಲ. ನಮ್ಮ ಹಳೆಯ ಛಂದಸ್ಸು ಪ್ರಾಸವನ್ನು ಸಾಲಿನ ಎರಡನೆಯ ಅಕ್ಷರಕ್ಕೆ ಕಟ್ಟಿತು. ಹೆಸರನ್ನು ಸಾಲಿನ ನಡುವೆ ಎಲ್ಲಾದರೂ ಬಚ್ಚಿಡಬಹುದು. ಅಂತ್ಯಪ್ರಾಸವೇ ಬೇಕೆಂದರೆ ವಿಭಕ್ತಿ ಪ್ರತ್ಯಯ ಇದೆ. ಭಟ್ಟರಿಗೆ, ಶೆಟ್ಟರಿಗೆ, ಗೌಡರಿಗೆ, ಕಾಮತರಿಗೆ ಎಂದು ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. ಎಲ್ಲರಿಗೂ ಎಲ್ಲರೂ ಪ್ರಾಸವಾಗುವ ಕಡೆ ಒಬ್ಬರ ಮೇಲೆ ವಿಶೇಷ ಆರೋಪ ನಿಲ್ಲುವುದಿಲ್ಲ.

ಕೊನೆಯದಾಗಿ, ಪ್ರಾಸವಿಲ್ಲದಿದ್ದರೆ ಜನ ಮರೆತೇಬಿಡುತ್ತಾರಲ್ಲ, ಫೆಲ್ ಹೆಸರು ಉಳಿದದ್ದಾದರೂ ಅದರಿಂದಲೇ ಅಲ್ಲವೇ ಎಂಬ ಪ್ರಶ್ನೆ. ಉಳಿಯಿತು ನಿಜ, ಆದರೆ ಉಳಿದ ಬಗೆಯನ್ನು ಫೆಲ್ ಅವರನ್ನೇ ಕೇಳಬೇಕು. ಕ್ಲೀವ್‌ಲ್ಯಾಂಡ್ ಆಮೇಲೊಮ್ಮೆ ಸೋತು, ನಾಲ್ಕು ವರ್ಷ ಬಿಟ್ಟು, 1892ರಲ್ಲಿ ಮತ್ತೆ ಗೆದ್ದು ಬಂದ. ಅವನ ಕುರಿತು ಒಳ್ಳೆಯದನ್ನೋ ಕೆಟ್ಟದ್ದನ್ನೋ ಹೇಳಬೇಕಾದವರು ಇಂದಿಗೂ ಪೂರ್ತಿ ವಾಕ್ಯದಲ್ಲಿ, ಇಸವಿ ಸಮೇತ ಹೇಳಬೇಕು. ಪ್ರಾಸ ಸಿಗದ ಸರ್‌ನೇಮಿನ ಲಾಭವೂ ಇಷ್ಟೇ. ನಿಮ್ಮನ್ನು ಬೈಯಬೇಕೆಂದವನು ಗದ್ಯದಲ್ಲೇ ಬೈಯಬೇಕಾಗುತ್ತದೆ, ಮತ್ತು ಗದ್ಯದಲ್ಲಿ ಬೈದವನ ಹತ್ತಿರ ಪುರಾವೆ ಕೇಳಬಹುದು.