ತುಕ್ಕು ಹಿಡಿಸುವ ಕಷ್ಟ

ಹೊಸ ಸ್ಕೂಟರಿಗೆ ಒಂದು ಗೀರು ಬಿದ್ದರೆ ಎರಡು ದಿನ ಊಟ ಸೇರದ ಜನ ನಾವು. ಆದರೆ ಪ್ಲಾಸ್ಟಿಕ್ ಮಾಡೆಲ್ ಜೋಡಿಸುವ ಹುಚ್ಚು ಹತ್ತಿದವರ ಲೋಕವೇ ಉಲ್ಟಾ. ಅಲ್ಲಿ ಗಾಡಿ ಫಳಫಳ ಹೊಳೆದರೆ ಅವಮಾನ. ಬಣ್ಣ ಎದ್ದು, ತುಕ್ಕು ಇಣುಕಿ, ಕೆಸರು ಮೆತ್ತಿಕೊಂಡಿದ್ದರೆ ಶಹಬ್ಬಾಸ್! ಇದಕ್ಕೆ ವೆದರಿಂಗ್ ಅನ್ನುತ್ತಾರೆ. ಇದಕ್ಕೆ ನಾನು ಬಲಿ ಕೊಟ್ಟದ್ದು ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪನ್ನು. 1:35ರ ಅಳತೆ, ಅಂಗೈಯಲ್ಲಿ ಕೂರುವ ಮುದ್ದಾದ ಗಾಡಿ.

ವಿಧಾನ ಕೇಳಲು ಬಲು ಸುಲಭ. ಮೊದಲು ತುಕ್ಕಿನ ಬಣ್ಣ, ಅದರ ಮೇಲೆ ಹೇರ್‌ಸ್ಪ್ರೇ, ಅದರ ಮೇಲೆ ಆಕ್ರಿಲಿಕ್ ಹಸಿರು. ಹಸಿರು ಒಣಗಿದ ಸ್ವಲ್ಪ ಹೊತ್ತಿಗೆ ಒದ್ದೆ ಬ್ರಷ್ಷಿನಿಂದ ಉಜ್ಜಿದರೆ ಒಳಗಿನ ಹೇರ್‌ಸ್ಪ್ರೇ ಕರಗಿ, ಹಸಿರು ಚಕ್ಕೆಚಕ್ಕೆಯಾಗಿ ಏಳುತ್ತದೆ. ನಾನು ಬಣ್ಣ ಹಚ್ಚಿ ಮದುವೆಮನೆಗೆ ಹೋದೆ. ಬರುವಷ್ಟರಲ್ಲಿ ಬಣ್ಣ ಕಲ್ಲಾಗಿತ್ತು. ಹಲ್ಲುಜ್ಜುವ ಬ್ರಷ್ ತಂದು ಹಟ ಹಿಡಿದು ಉಜ್ಜಿದೆ. ಕಾವಲಿಯಿಂದ ದೋಸೆ ಎದ್ದ ಹಾಗೆ ಬಾನೆಟ್ಟಿನ ಬಣ್ಣ ಇಡಿಯಾಗಿ ಕೈಗೆ ಬಂತು. ತುಕ್ಕಿನ ಬಣ್ಣವೂ ಅದರ ಜೊತೆಗೇ!

ಸರಿ, ಉಪ್ಪಿನ ಉಪಾಯ. ಒದ್ದೆ ಮಾಡಿ ಉಪ್ಪು ಉದುರಿಸಿ, ಒಣಗಿದ ಮೇಲೆ ಬಣ್ಣ ಹೊಡೆದು, ಉಪ್ಪನ್ನು ಉಜ್ಜಿ ತೆಗೆಯುವುದು. ಪುಡಿ ಉಪ್ಪು ಮುಗಿದಿತ್ತು, ಕಲ್ಲುಪ್ಪು ಸುರಿದೆ. ಮಾಡೆಲ್ ಮೇಲಿನ 1 ಮಿ.ಮೀ. ಕಲೆ ಅಸಲಿ ಜೀಪಿನ ಮೇಲೆ 35 ಮಿ.ಮೀ. ಆಗುತ್ತದೆ ಎಂಬ ಲೆಕ್ಕ ಹೊಳೆದದ್ದು ಆಮೇಲೆ. ನನ್ನ ಜೀಪಿನ ಮೈಮೇಲೆ ಅಂಗೈ ಅಗಲದ ಗಾಯಗಳು! ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ, ಕುಡಿದೆ.

ಕಲೆ ಮುಚ್ಚಲು ಸ್ಪಾಂಜ್ ಹಿಡಿದೆ. ಚೂರೇ ಬಣ್ಣ ಅದ್ದಿ, ಅದರಲ್ಲೂ ಮುಕ್ಕಾಲು ಕಾಗದಕ್ಕೆ ಒರೆಸಿ, ಅಂಚುಗಳಿಗೆ, ಬೂಟು ತಾಗುವ ಜಾಗಕ್ಕೆ ಮಾತ್ರ ಮುಟ್ಟಿಸಬೇಕು. ನನಗೆ ಕೈ ತಡೆಯಲಿಲ್ಲ. (ನಿಮಗೂ ತಡೆದಿರಲಿಕ್ಕಿಲ್ಲ, ಬಿಡಿ.) ಮಗಳು ಬಂದು ಬಹಳ ಹೊತ್ತು ನೋಡಿ, ವಿನಯದಿಂದ ಕೇಳಿದಳು: "ಅಪ್ಪಾ, ಟೈರಿಗೂ ತುಕ್ಕು ಹಿಡಿಯುತ್ತಾ?"

ನೋಡಿದರೆ ರಬ್ಬರಿಗೆ ತುಕ್ಕು. ಕ್ಯಾನ್ವಾಸ್ ಸೀಟಿಗೂ ತುಕ್ಕು. ನನ್ನ ಬಲಗೈಯ ಐದೂ ಬೆರಳಿಗೆ ಅಪ್ಪಟ ತುಕ್ಕು.

ಕೊನೆಯದು ವಾಷ್. ಕಂದು ಎನಾಮೆಲ್ ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ಸಂದಿಗಳಿಗೆ ಹರಿಬಿಟ್ಟರೆ ಹಳೇ ಕೊಳೆ ಕೂತಂತೆ ಕಾಣುತ್ತದೆ. ಟರ್ಪೆಂಟೈನ್ ಒಂದು ಹಳೇ ಕೆಮ್ಮಿನ ಔಷಧಿ ಬಾಟಲಿಯಲ್ಲಿತ್ತು, ಲ್ಯಾಕರ್ ಥಿನ್ನರ್ ಅಂಥದ್ದೇ ಇನ್ನೊಂದರಲ್ಲಿ. ಲ್ಯಾಕರ್ ಥಿನ್ನರ್ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ವಿಲ್ಲಿಸ್ ಜೀಪಿನ ಮುಂಗಾಜು ಬಾನೆಟ್ಟಿನ ಮೇಲೆ ಮಡಚುವಂಥದ್ದೇ ನಿಜ. ಆದರೆ ಹೀಗೆ ಕರಗಿ, ಬಾಗಿ, ನನಗೇ ಸಾಷ್ಟಾಂಗ ಹಾಕಿದ್ದು ಇದೊಂದೇ ಜೀಪು.

ನೀವೂ ಶುರು ಮಾಡುವುದಿದ್ದರೆ ಮೊದಲು ಐಸ್‌ಕ್ರೀಮಿನ ಪ್ಲಾಸ್ಟಿಕ್ ಚಮಚದ ಮೇಲೆ ಕೈ ಪಳಗಿಸಿ. ನುರಿತವರೂ ಹಾಗೇ ಮಾಡುತ್ತಾರೆ. ನಮ್ಮ ಮನೆಯಲ್ಲಿ ಸೊಗಸಾಗಿ ತುಕ್ಕು ಹಿಡಿದ ಚಮಚಗಳು ರಾಶಿ ಬಿದ್ದಿವೆ, ಬೇಕಾದರೆ ಒಯ್ಯಿರಿ. ಮೊಸರನ್ನಕ್ಕೆ ಮಾತ್ರ ಹಾಕಬೇಡಿ.