ತಲಾ ಮೂವತ್ತು ಕೆ.ಜಿ.

ಸೀಟು ಸಿಗುವುದು ಒಬ್ಬಳಿಗೆ, ಹಾಸ್ಟೆಲಿಗೆ ಹೊರಡುವುದು ಮನೆಮಂದಿಯೆಲ್ಲ. ಸಿಇಟಿ ಬರೆಯುವಾಗ ಹುಡುಗಿಯ ಪಕ್ಕದಲ್ಲಿ ನೊಣ ಕೂರುವುದಕ್ಕೂ ಬಿಡುವುದಿಲ್ಲ. ಗಂಟು ಕಟ್ಟುವ ಪರೀಕ್ಷೆಗೆ ಮಾತ್ರ ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಎದುರು ಮನೆಯವರು ಯಾರು ಬೇಕಾದರೂ ಕೂರಬಹುದು. ಎಲ್ಲರೂ ಫಸ್ಟ್ ಕ್ಲಾಸು.

ಅಕ್ಕನ ಮನೆ ಇರುವುದು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ತೆರಕಣಾಂಬಿಯಿಂದ ಒಳಗೆ ಹೋದರೆ ಸಿಗುವ ಹಳ್ಳಿಯಲ್ಲಿ. ಅವಳ ಮಗಳಿಗೆ ಚಾಮರಾಜನಗರದಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಬಸ್ಸು ಹತ್ತಿ ಒಂದು ಸಣ್ಣ ನಿದ್ದೆ ತೆಗೆಯುವಷ್ಟರಲ್ಲಿ ಬಂದುಬಿಡುವ ಊರು. ಇಷ್ಟು ಹತ್ತಿರಕ್ಕೆ ಹಾಸ್ಟೆಲ್ ಏಕೆ ಎಂದು ನಾನು ಕೇಳಿದ್ದಕ್ಕೆ ಭಾವ, "ಲ್ಯಾಬು ಮುಗಿಯೋದು ಸಾಯಂಕಾಲ. ಕೊನೇ ಬಸ್ಸು ತಪ್ಪೋದ್ರ ನಮಗ ಚಾಮರಾಜನಗರವೂ ಒಂದೇ, ಚಂಡೀಗಢವೂ ಒಂದೇ" ಅಂದರು. ಕಾಡಂಚಿನ ಹಳ್ಳಿಗಳಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವ ರೂಢಿಯಿಲ್ಲ, ಕೊನೆಯ ಬಸ್ಸಿನಲ್ಲಿ ಅಳೆಯುತ್ತಾರೆ.

ಈ ಸಂಭ್ರಮಕ್ಕೆ ನನ್ನನ್ನು ಕರೆಸಿದ್ದು ತಜ್ಞನೆಂದು. ನಮ್ಮ ವಂಶದಲ್ಲಿ ಹಾಸ್ಟೆಲ್ ಅನ್ನ ಉಂಡವನು ನಾನೊಬ್ಬನೇ. ನಾನು ಓದುವ ಕಾಲಕ್ಕೆ ಚಾಮರಾಜನಗರ ಜಿಲ್ಲೆಯೇ ಇರಲಿಲ್ಲ. ಅದು ಮೈಸೂರಿನಿಂದ ಬೇರೆಯಾದದ್ದು 1997ರಲ್ಲಿ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜು 2007ರಲ್ಲಿ ಬಂತು, ಮೆಡಿಕಲ್ ಕಾಲೇಜು 2016ರಲ್ಲಿ. ಹಾಗಾಗಿ ಓದು ಎಂದರೆ ಮೈಸೂರು, ಮೈಸೂರು ಎಂದರೆ ಮೀಟರ್ ಗೇಜ್ ರೈಲು. ಒಂದು ತಗಡಿನ ಟ್ರಂಕು, ಒಂದು ಜಮಖಾನ, ಟ್ರಂಕಿನ ಮೇಲೆ ಬಿಳೀ ಬಣ್ಣದಲ್ಲಿ ಇನಿಷಿಯಲ್ ಸಮೇತ ಹೆಸರು. ಅಷ್ಟೇ ನನ್ನ ಸಾಮಾನು.

ನನ್ನ ತಾತನ ಕಾಲದವರಿಗೆ ಟ್ರಂಕೂ ಬೇಕಿರಲಿಲ್ಲ. ವಾರಾನ್ನದ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದಿದರು. ವಾರದ ಮನೆ ಸಿಗದ ಜಾತಿಯವರಿಗೆ ಆ ಬಾಗಿಲೂ ಇರಲಿಲ್ಲ. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1940ರ ದಶಕದ ಮೊದಲಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದಂತೆ ಮಠಗಳು, ಸಮುದಾಯಗಳು, ಆಮೇಲೆ ಸರ್ಕಾರ ಕಟ್ಟಿದ ಹಾಸ್ಟೆಲುಗಳಿಂದ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಮೊದಲ ಡಿಗ್ರಿ ಬಂತು. ಇದನ್ನೆಲ್ಲ ನಾನು ಗಂಭೀರವಾಗಿ ಹೇಳಿ, "ಆದ್ದರಿಂದ ಒಂದು ಬ್ಯಾಗು ಸಾಕು" ಎಂದು ಮುಗಿಸಿದೆ. ಎಲ್ಲರೂ ತಲೆದೂಗಿದರು. ಆಮೇಲೆ ಅಕ್ಕ ಒಳಗೆ ಹೋಗಿ ನಿಪ್ಪಟ್ಟಿಗೆ ಹಿಟ್ಟು ಕಲಸತೊಡಗಿದಳು.

ಮನೆಯಲ್ಲಿ ಎರಡು ಪಟ್ಟಿಗಳಿದ್ದವು. ಒಂದು ಹುಡುಗಿಯದು, ಸೀನಿಯರುಗಳು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದು: ಎಕ್ಸ್‌ಟೆನ್ಷನ್ ಬೋರ್ಡು, ಬೀಗ, ಬಕೆಟ್ಟು, ಮಗ್ಗು, ಸೊಳ್ಳೆಪರದೆ, ಪಾಸ್‌ಪೋರ್ಟ್ ಸೈಜ್ ಫೋಟೊ, ಆಧಾರ್ ಜೆರಾಕ್ಸು. ಇನ್ನೊಂದು ಪಟ್ಟಿಯನ್ನು ಯಾರೂ ಬರೆದಿರಲಿಲ್ಲ, ಅದು ಎಲ್ಲರ ಬಾಯಲ್ಲಿತ್ತು. ಚಟ್ನಿಪುಡಿ, ಹುರಿಹಿಟ್ಟು, ತಂಬಿಟ್ಟು, ಮಾವಿನಕಾಯಿ ಉಪ್ಪಿನಕಾಯಿ, ಹರಳೆಣ್ಣೆ, ಸೀಗೆಪುಡಿ, ಹೊಲದ ಅರಿಸಿನ, ಮಾದಪ್ಪನ ವಿಭೂತಿ. ಮೊದಲನೇ ಪಟ್ಟಿಯಿಂದ ಎರಡನೇ ಪಟ್ಟಿಗೆ ದಾಟಿದ ಸಾಮಾನು ಬಕೆಟ್ಟು ಒಂದೇ. ಅದರೊಳಕ್ಕೆ ಚಕ್ಕುಲಿ ತುಂಬಲಾಯಿತು.

ತಟ್ಟೆಯದು ಬೇರೆ ಕಥೆ. ಹಾಸ್ಟೆಲಿನಲ್ಲಿ ತಟ್ಟೆ ಅದಲುಬದಲಾಗುತ್ತದೆ, ಹೆಸರಿರಬೇಕು ಎಂದು ತಜ್ಞನಾಗಿ ನಾನೇ ಎಚ್ಚರಿಸಿದ್ದೆ. ಅಕ್ಕ ಅಟ್ಟದಿಂದ ಹೆಸರು ಕೆತ್ತಿದ ತಟ್ಟೆಯನ್ನೇ ಇಳಿಸಿದಳು. ಆದರೆ ನಮ್ಮಲ್ಲಿ ಸ್ಟೀಲ್ ಪಾತ್ರೆಯ ಮೇಲೆ ಇರುವುದು ಕೊಟ್ಟವರ ಹೆಸರು, ಇಟ್ಟುಕೊಂಡವರದಲ್ಲ. ಎಂದೋ ಗೃಹಪ್ರವೇಶಕ್ಕೆ ಬಂದು ಉಂಡುಹೋದ ದೂರದ ನೆಂಟರೊಬ್ಬರ ಹೆಸರು ಹೊತ್ತ ಆ ತಟ್ಟೆ ಎಂಜಿನಿಯರಿಂಗ್ ಕಾಲೇಜಿನ ಮೆಸ್ಸಿಗೆ ಹೊರಟಿತು. ಹುಡುಗಿಗೆ ನಾಲ್ಕು ವರ್ಷ ಆ ಹೆಸರೇ ಅಡ್ಡಹೆಸರಾಗದಿದ್ದರೆ ಅದೇ ಪುಣ್ಯ.

ಕಾಗದಪತ್ರದ ಸರದಿಯಲ್ಲಿ ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆ ಬಂತು. ಯುಜಿಸಿಯ 2009ರ ನಿಯಮದಂತೆ ವಿದ್ಯಾರ್ಥಿಯೂ ಬರೆದುಕೊಡಬೇಕು, ಹೆತ್ತವರೂ ಬರೆದುಕೊಡಬೇಕು. ಭಾವ ಕನ್ನಡಕ ಏರಿಸಿ ಓದಿ, "ಇವಳು ಯಾರ್ಗೂ ತೊಂದ್ರ ಕೊಡಲ್ಲ ಅಂತ ನಾನು ಸೈನ್ ಹಾಕ್ಬೇಕಾ? ಹದಿನೆಂಟು ವರ್ಷ ನಮಗ ಕೊಟ್ಟದ್ದಕ್ಕ ಯಾರು ಸೈನ್ ಹಾಕ್ತರ?" ಎಂದು ಕೇಳುತ್ತಲೇ ಸಹಿ ಮಾಡಿದರು.

ಸಂಜೆ ಗೇಟು ಹಾಕುವ ಸಮಯವೂ ಚರ್ಚೆಗೆ ಬಂತು. ಭಾವ ಸಣ್ಣ ಈರುಳ್ಳಿ ಬೆಳೆದು ಕೇರಳಕ್ಕೆ ಕಳಿಸುವವರು, ಗೇಟು ಎಂದರೆ ಅವರಿಗೆ ಬಂಡೀಪುರದ ಗೇಟು. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿ ಬಿಡುವುದಿಲ್ಲ. ಹೆಣ್ಣುಮಕ್ಕಳ ಹಾಸ್ಟೆಲ್ ಯಾವ ಊರಿನದಾದರೂ ಗೇಟು ಅದಕ್ಕೂ ಮುಂಚೆಯೇ ಬೀಳುತ್ತದೆ. ಹುಡುಗಿ ತಣ್ಣಗೆ ಹೇಳಿದಳು: "ಅಪ್ಪಾ, ಅಲ್ಲಿ ಆನೆ ಆರಾಮಾಗಿ ಓಡಾಡ್ಲಿ ಅಂತ ಲಾರಿ ನಿಲ್ಲಿಸ್ತಾರೆ. ಇಲ್ಲಿ ಲಾರಿ ಆರಾಮಾಗಿ ಓಡಾಡ್ಲಿ ಅಂತ ನಮ್ಮನ್ನ ನಿಲ್ಲಿಸ್ತಾರೆ." ತಜ್ಞನ ಬಳಿ ಇದಕ್ಕೆ ಉತ್ತರವಿರಲಿಲ್ಲ.

ಗಂಟುಗಳೆಲ್ಲ ಜಗಲಿಗೆ ಬಂದಾಗ ಸಾಗಣೆಯ ಪ್ರಶ್ನೆ ಎದ್ದಿತು. ಸರ್ಕಾರಿ ಬಸ್ಸಿನಲ್ಲಿ ಒಬ್ಬ ಪ್ರಯಾಣಿಕರಿಗೆ 30 ಕೆ.ಜಿ. ಲಗೇಜು ಪುಕ್ಕಟೆ. ಭಾವ ಈರುಳ್ಳಿ ತೂಗುವ ತಕ್ಕಡಿ ಎಳೆದು ತಂದರು. ಮುಳ್ಳು ಎಲ್ಲಿಗೋ ಹೋಯಿತು. ಮಂಡಿಯಲ್ಲಿ ಮೂಟೆಗಿಷ್ಟು ಎಂದು ಕಳೆಯುವ ಸೂಟನ್ನು ಜೀವಮಾನವಿಡೀ ಬೈದುಕೊಂಡು ಬಂದ ಮನುಷ್ಯ, ಅಂದು ತಾವೇ ಧಾರಾಳವಾಗಿ ಸೂಟು ಕಳೆದರು. ಆದರೂ ತೂಕ ಜಗ್ಗಲಿಲ್ಲ.

ಆಗ ಬಾಯಿ ಬಿಟ್ಟದ್ದು ಅಜ್ಜಿ. "ನಾನೂ ಬತ್ತೀನಿ. ನಂಗೂ ಮೂವತ್ತು ಕೇಜಿ ಅದ ತಾನೆ?"

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರಿಗೆ ಟಿಕೆಟ್ಟಿಗೆ ಕಾಸಿಲ್ಲ. ಅದರಿಂದ ಕೆಲಸಕ್ಕೆ ಹೋಗುವವರಿಗೆಷ್ಟು ಅನುಕೂಲ, ದೇವಸ್ಥಾನಗಳಿಗೆಷ್ಟು ಭಕ್ತರು ಎಂಬುದನ್ನೆಲ್ಲ ಪತ್ರಿಕೆಗಳಲ್ಲಿ ಓದಿದ್ದೆ. ಅದರ ಲಗೇಜು ಶಾಸ್ತ್ರವನ್ನು ಬಿಡಿಸಿದವರು ಅಜ್ಜಿಯೇ. ಅಕ್ಕ 30, ಅಜ್ಜಿ 30, ದೊಡ್ಡಮ್ಮ 30, ಚಿಕ್ಕಮ್ಮ 30, ಹುಡುಗಿ 30. ಒಂದೂವರೆ ಕ್ವಿಂಟಾಲ್ ಸಾಮಾನು, ಒಂದು ಪೈಸೆ ಖರ್ಚಿಲ್ಲ. ಭಾವನದೂ ನನ್ನದೂ ಟಿಕೆಟ್ಟು ದಂಡ ಎಂದು ನಮ್ಮನ್ನು ಬಿಟ್ಟು ಹೋಗುವ ಆಲೋಚನೆಯೂ ಬಂದಿತ್ತು. ಬಸ್ಸಿಂದ ಇಳಿಸುವುದಕ್ಕೆ ಆಳು ಬೇಕು ಎಂಬ ಕಾರಣಕ್ಕೆ ನಾವು ಉಳಿದುಕೊಂಡೆವು.

ಬಸ್ಸಿನಲ್ಲಿ ಕೂತ ಮೇಲೆ ಅಜ್ಜಿಗೆ ಅನುಮಾನ ಹತ್ತಿತು. "ಆ ಊರ್ಗ ಬಂದ ಮುಖ್ಯಮಂತ್ರಿಗಳ ಕುರ್ಚಿನೇ ಉಳಿಯಲ್ವಂತ. ಕೂಸ್ನ ಅಲ್ಲಿಗ ಕಳಿಸ್ತಿದ್ದೀವಲ್ಲ." ಈ ಮಾತಿಗೆ ಹೆದರಿ ಎಷ್ಟೋ ಮುಖ್ಯಮಂತ್ರಿಗಳು ಚಾಮರಾಜನಗರದ ಕಡೆ ತಲೆಹಾಕಿ ಮಲಗಲಿಲ್ಲ ಎಂಬುದು ನಿಜ. ಸಿದ್ದರಾಮಯ್ಯನವರು 2013ರಿಂದ 2018ರವರೆಗೆ ಮತ್ತೆ ಮತ್ತೆ ಬಂದುಹೋಗಿಯೂ ಐದು ವರ್ಷ ಪೂರ್ತಿ ಮುಗಿಸಿದರು ಎಂದು ನಾನು ಸಮಾಧಾನ ಹೇಳಿದೆ. ಅಜ್ಜಿಗೆ ಸಮಾಧಾನವಾದದ್ದು ಹಾಸ್ಟೆಲ್ ಕೋಣೆ ನೋಡಿದ ಮೇಲೆ. ತಲಾ ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ. "ಕಿತ್ಕೊಳ್ಳೋ ಊರು ಅಂದ್ರು, ಕೊಡ್ತಾ ಅವರಲ್ಲ!" ಎಂದು ಕುರ್ಚಿಯ ಮೇಲೆ ತಾವೇ ಮೊದಲು ಕೂತು ಪರೀಕ್ಷೆ ಮಾಡಿದರು.

ಅದೇ ಕೋಣೆಯ ಇನ್ನೊಂದು ಮಂಚಕ್ಕೆ ಬಂದವಳು ಕಲಬುರಗಿಯ ಹುಡುಗಿ. ಏಳುನೂರು ಕಿಲೋಮೀಟರಿಗೂ ಮೀರಿದ ದಾರಿ, ರಾತ್ರಿಯೆಲ್ಲ ರೈಲು. ಅವಳ ಹತ್ತಿರ ಒಂದು ಬ್ಯಾಗು, ಒಂದು ಗಂಟು ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ. ಅವಳ ತಂದೆ ನಮ್ಮ ಮೂಟೆಗಳ ಸಾಲು ನೋಡಿ ವಿನಯದಿಂದ ಕೇಳಿದರು, "ನಿಮ್ಮೂರು ಭಾಳ ದೂರ ಏನ್ರಿ?" ಭಾವ ಕಿಟಕಿಯಾಚೆ ನೋಡುತ್ತಾ, "ಹೂಂ, ಸ್ವಲ್ಪ ದೂರವೇ" ಅಂದರು.

ಆಗ ನನಗೆ ಹೊಳೆಯಿತು. ಊರು ಹತ್ತಿರವಾದಷ್ಟೂ ಗಂಟು ದೊಡ್ಡದಾಗುತ್ತದೆ. ದೂರದವರು ಅಷ್ಟು ದೂರ ಹೊರಲಾಗುವುದನ್ನು ಮಾತ್ರ ತರುತ್ತಾರೆ. ಶನಿವಾರ ಮನೆಗೆ ಹೋಗಿಬರಬಹುದಾದವಳೇ ಮನೆಯನ್ನೆಲ್ಲ ಹೊತ್ತು ತರುತ್ತಾಳೆ. ಹೊರುವವರು ಜೊತೆಗೇ ಬರಬಲ್ಲರಲ್ಲ. ಸಾಮಾನು ಹುಡುಗಿಯ ಅಗತ್ಯಕ್ಕೆ ಕಟ್ಟಿದ್ದಲ್ಲ, ಬಂದು ನೋಡಿಹೋಗುವುದಕ್ಕೆ ನಾಲ್ಕು ಹೆಂಗಸರು ಕಟ್ಟಿಕೊಂಡ ನೆಪ.

ನಿಪ್ಪಟ್ಟು ಮೂರನೇ ದಿನಕ್ಕೆ ಕಾರಿಡಾರಿನ ಪಾಲಾಯಿತು. ಉಪ್ಪಿನಕಾಯಿಯನ್ನು ಖಡಕ್ ರೊಟ್ಟಿ ಮುಗಿಸಿತು, ಶೇಂಗಾ ಹಿಂಡಿಯನ್ನು ನಮ್ಮ ಹುಡುಗಿ ಮುಗಿಸಿದಳು. ಹರಳೆಣ್ಣೆಯ ಸೀಲು ಹಾಗೇ ಇದೆ. ವಾರ ಕಳೆಯುವುದರೊಳಗೆ ಫೋನು: ಹಿಮವದ್ ಗೋಪಾಲಸ್ವಾಮಿ ಬೆಟ್ಟ ನೋಡಬೇಕಂತೆ, ಈ ಶನಿವಾರ ರೂಮ್‌ಮೇಟೂ ಜೊತೆಗೆ ಬರುತ್ತಾಳೆ. ಅಕ್ಕ ಆಗಲೇ ಎಣ್ಣೆ ಬಾಣಲೆ ಹುಡುಕಲು ಎದ್ದಳು. ಭಾವನಿಗೆ ಬೇರೆಯದೇ ಚಿಂತೆ.

"ಕಲಬುರ್ಗಿಯವರಿಗೂ ಈ ಕಡೆ ಬಸ್ಸಲ್ಲಿ ಫ್ರೀ ನಡೀತದಾ?"

"ಕರ್ನಾಟಕದ ಆಧಾರ್ ಇದ್ದರೆ ಸಾಕು, ನಡೆಯುತ್ತದೆ" ಅಂದೆ.

ಅಜ್ಜಿ ಎಲೆಯಡಿಕೆ ಚೀಲ ಮಡಿಸಿಟ್ಟರು. "ಹಂಗಾದ್ರ ಭಾನ್ವಾರ ವಾಪಸ್ ಹೋಗೋವಾಗ ಅರವತ್ತು ಕೇಜಿ. ಆ ತಕ್ಕಡಿ ಒಳಗ ಇಡಬ್ಯಾಡಿ."