ಕುಡಚಿ ತನಕ ಓದಿದವರು

ಉಗಾರ ಖುರ್ದದ ಸ್ಟೇಶನ್ನಿನಲ್ಲಿ ಟಿಕೀಟು ಕೇಳಿದರೆ ಕಿಸೆಗೆ ಕೈ ಹಾಕದೆ, ಚೀಲದಿಂದ ದಪ್ಪ ಕಾದಂಬರಿಯೊಂದನ್ನು ತೆಗೆದು, ಮೂವತ್ತೇಳನೆಯ ಪುಟ ಬಿಚ್ಚಿ, ಅಲ್ಲಿಂದ ಟಿಕೀಟು ತೋರಿಸುವ ಪ್ರಯಾಣಿಕರು ಒಬ್ಬರೇ. ಅವರು ನಮ್ಮ ಕಾಕಾ. ತೋರಿಸಿದ ಟಿಕೀಟು ಮರಳಿ ಮೂವತ್ತೇಳಕ್ಕೇ ಹೋಗಿ ಕೂರುತ್ತದೆ. ಆಮೇಲೆ ಅದು ಅಲ್ಲಿಂದ ಏಳುವುದಿಲ್ಲ.

ಕಾಕಾ ಓದುವುದು ರೈಲಿನಲ್ಲಿ ಮಾತ್ರ. ಬೆಳಗಾವಿಗೋ ಧಾರವಾಡಕ್ಕೋ ಹೋಗಿ ಪುಸ್ತಕ ಕೊಳ್ಳುತ್ತಾರೆ, ಗಾಡಿ ಹತ್ತಿದ ಕೂಡಲೇ ಶುರು ಮಾಡುತ್ತಾರೆ. ಘಟಪ್ರಭಾ, ಚಿಕ್ಕೋಡಿ ರೋಡ್, ರಾಯಬಾಗ, ಚಿಂಚಲಿ ದಾಟಿ ಕುಡಚಿ ಬಂತೆಂದರೆ ಪುಸ್ತಕ ಮುಚ್ಚುತ್ತಾರೆ. ಮುಂದೆ ಕೃಷ್ಣೆಯ ಸೇತುವೆ. ಹೊಳೆಗೆ ಕೈ ಮುಗಿಯಬೇಕು, ನೀರು ಎಷ್ಟಿದೆ ನೋಡಬೇಕು, ಚೀಲ ಇಳಿಸಬೇಕು. ಹೀಗಾಗಿ ಆ ಕಡೆಯಿಂದ ಬಂದ ಯಾವ ಪುಸ್ತಕವೂ ಕುಡಚಿ ದಾಟಿಲ್ಲ. ಅವರ ಮಾತೂ ಹಾಗೇ: “‘ಪರ್ವ’ ಚಿಂಚಲಿ ತನಕ ಆಗೈತಿ ತಮ್ಮಾ. ‘ಗ್ರಾಮಾಯಣ’ ರಾಯಬಾಗದಾಗ ನಿದ್ದಿ ಹತ್ತಿತು.”

ಮೀರಜ ಕಡೆಯಿಂದ ಬಂದ ಪುಸ್ತಕಗಳ ಹಣೆಬರಹ ಇನ್ನೂ ಕೆಟ್ಟದ್ದು. ನಡುವೆ ಇರುವುದೇ ವಿಜಯನಗರ ಮತ್ತು ಶೇಡಬಾಳ. ಮುನ್ನುಡಿ ಮುಗಿಯುವುದರೊಳಗೆ ಊರು ಬರುತ್ತದೆ. ಶೇಡಬಾಳದವರೇ ಆದ ಮಿರ್ಜಿ ಅಣ್ಣಾರಾಯರ ‘ನಿಸರ್ಗ’ದ ಮೂರು ಪ್ರತಿಗಳಿವೆ, ಮೊದಲೆರಡು ಮನೆಯಲ್ಲಿವೆ ಎಂಬುದು ಮರೆತು ಹೋದದ್ದರಿಂದ ಮೂರನೆಯದು ಬಂತು. ಸಾಂಗಲಿಯಲ್ಲಿ ಹುಟ್ಟಿದ ಖಾಂಡೇಕರರಿಗೆ 1974ರ ಜ್ಞಾನಪೀಠ ತಂದುಕೊಟ್ಟ ‘ಯಯಾತಿ’ ಮರಾಠಿಯಲ್ಲೂ ಇದೆ, ಕನ್ನಡದಲ್ಲೂ ಇದೆ. ಮರಾಠಿಯದು ಶೇಡಬಾಳದಲ್ಲಿ ನಿಂತಿತು, ಕನ್ನಡದ್ದು ಕುಡಚಿಯಲ್ಲಿ. “ಎರಡೂ ಕೂಡಿಸಿದರ ಅರ್ಧಾ ಯಯಾತಿ ಆತಲ್ಲ?” ಎನ್ನುತ್ತಾರೆ. ಧಾರವಾಡದ ಮನೋಹರ ಗ್ರಂಥಮಾಲೆಯವರು 1961ರಲ್ಲಿ ತಂದ ಕಾರ್ನಾಡರ ‘ಯಯಾತಿ’ಯ ಹಳೆಯ ಪ್ರತಿಯೂ ಒಂದು ಸಿಕ್ಕಿತ್ತು. ಸಣ್ಣ ನಾಟಕ, ಅದೊಂದಾದರೂ ಮುಗಿಯಬೇಕಿತ್ತು. ಅವತ್ತೇ ಚಿಂಚಲಿ ಮಾಯಕ್ಕನ ಜಾತ್ರೆ; ಡಬ್ಬಿಯಲ್ಲಿ ಪುಸ್ತಕ ಬಿಚ್ಚುವುದಿರಲಿ, ಕೈ ಎತ್ತಲೂ ಜಾಗವಿರಲಿಲ್ಲವಂತೆ.

ಲೋಂಡಾ–ಮೀರಜ ಹಾದಿಗೆ ಜೋಡಿ ಹಳಿ ಬಂದಾಗ ಊರೆಲ್ಲ ಖುಷಿಪಟ್ಟಿತು, ಕಾಕಾ ಒಬ್ಬರೇ ಬೇಸರಪಟ್ಟರು. ಒಂಟಿ ಹಳಿ ಇದ್ದಾಗ ಕ್ರಾಸಿಂಗಿಗೆಂದು ಗಾಡಿ ನಿಂತಲ್ಲಿ ಇಪ್ಪತ್ತು ಪುಟ ಆರಾಮ ಸಾಗುತ್ತಿದ್ದವು. ಈಗ ಕನ್ನಡ ಸಾಹಿತ್ಯಕ್ಕೆ ಅಷ್ಟೂ ಲುಕ್ಸಾನು.

ಮೊನ್ನೆ ಮೊನ್ನೆಯವರೆಗೆ ಕಾಕಾ ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ಕಬ್ಬಿನ ಗಾಡಿ ತೂಗುತ್ತಿದ್ದರು. 1939ರಲ್ಲಿ ಕಾರ್ಖಾನೆ ಶುರುವಾದಾಗಿನಿಂದ ಈ ಊರು ಎಲ್ಲವನ್ನೂ ಟನ್ನಿನಲ್ಲೇ ಎಣಿಸುತ್ತದೆ. ಕಾಕಾ ಪುಸ್ತಕವನ್ನೂ ಹಾಗೇ ಎಣಿಸುತ್ತಾರೆ. ಅವರ ಉದ್ದನೆಯ ರಜಿಸ್ಟರಿನಲ್ಲಿ ಆವಕದ ತಾರೀಖು, ಹೆಸರು, ಬೆಲೆ, ‘ನುರಿಸಿದ ದಿನಾಂಕ’ ಎಂದು ನಾಲ್ಕು ಕಾಲಮ್ಮುಗಳಿವೆ. ಕೊನೆಯ ಕಾಲಮ್ಮು ಹೊಸ ಧೋತರದಷ್ಟು ಬೆಳ್ಳಗಿದೆ. ಇದರ ಹಿಂದೆ ಸಿದ್ಧಾಂತವೂ ಇದೆ.

“ಕಬ್ಬು ಕಡದ ಮ್ಯಾಲೆ ಒಂದ ದಿನಾ ತಡಾ ಆದ್ರೂ ರಿಕವರಿ ಇಳೀತೈತಿ ತಮ್ಮಾ. ಪುಸ್ತಕಕ್ಕ ಹಂಗಿಲ್ಲ. ಹತ್ತ ವರ್ಷ ಯಾರ್ಡಿನ್ಯಾಗ ನಿಂತ್ರೂ ರಸಾ ಹಂಗs ಇರತೈತಿ.”

“ರಸಾ ಇರತೈತಿ, ಒರಲೀನೂ ಇರತೈತಿ,” ಎಂದು ಒಳಗಿನಿಂದ ಕಾಕು.

ರಾಶಿಗಳು ಮೂರು. ‘ಈಗ ಓದೂದು’ ಪಡಸಾಲೆಯಲ್ಲಿ, ‘ಮಳಿಗಾಲಕ್ಕ’ ಮಂಚದ ಕೆಳಗೆ, ‘ರಿಟೈರ್ ಆದ ಮ್ಯಾಲೆ’ ಅಟ್ಟದ ಮೇಲೆ. ರಿಟೈರಾದ ದಿನ ಹಾರ ಹಾಕಿಸಿಕೊಂಡು ಬಂದವರು ಸೀದಾ ಅಟ್ಟ ಹತ್ತಿದರು. ಓದಲಿಕ್ಕಲ್ಲ, ಮೂರನೆಯ ಚೀಟಿಯನ್ನು ಕಿತ್ತು ‘ಮೊಮ್ಮಕ್ಕಳು ಬಂದಾಗ’ ಎಂದು ಹೊಸದನ್ನು ಅಂಟಿಸಲಿಕ್ಕೆ.

ಯಾರಾದರೂ ನಕ್ಕರೆ ಪಾಂಡವಪುರದ ಅಂಕೇಗೌಡರನ್ನು ಮುಂದೆ ತರುತ್ತಾರೆ. ಅವರು ಬಸ್ ಕಂಡಕ್ಟರಾಗಿದ್ದು, ಆಮೇಲೆ ಅಲ್ಲಿಯ ಸಕ್ಕರೆ ಕಾರ್ಖಾನೆ ಸೇರಿ, ಸಂಬಳದ ಬಹುಪಾಲನ್ನು ಪುಸ್ತಕಕ್ಕೆ ಸುರಿದು, ಹರಳಹಳ್ಳಿಯ ‘ಪುಸ್ತಕ ಮನೆ’ಯಲ್ಲಿ ಸುಮಾರು 20 ಲಕ್ಷ ಪುಸ್ತಕ ಕೂಡಿಸಿದವರು. “ಅವರೂ ಸಕ್ಕರಿ ಕಾರ್ಖಾನಿಯವರು, ನಾನೂ ಸಕ್ಕರಿ ಕಾರ್ಖಾನಿಯಂವ,” ಎಂದು ಕಾಕಾ ಎದೆ ಉಬ್ಬಿಸುತ್ತಾರೆ.

“ಅವರು ಮಂದಿ ಓದಲೆಂತ ಬಾಗಲಾ ತಗದಾರ್ರೀ,” ಎಂದರು ಕಾಕು. “ನೀವು ಕಪಾಟಿಗೆ ಕೀಲಿ ಹಾಕೀರಿ.”

ಕೀಲಿಯ ಮಾತು ಖರೆ. ಓದದ ಪುಸ್ತಕವನ್ನು ಕಾಕಾ ಕಡ ಕೊಡುವುದಿಲ್ಲ, “ನಾನs ಇನ್ನೂ ಓದಿಲ್ಲ” ಎಂಬ ಕಾರಣಕ್ಕೆ. ಓದಿದ್ದನ್ನು ಕೊಡಲು ಅವರ ಅಡ್ಡಿಯೇನೂ ಇಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಮೊದಲ ಖೇಪು ಹೋದದ್ದು ಪುಸ್ತಕ, ಎರಡನೆಯ ಖೇಪು ಜೋಳ. ನಡುವೆ ಜಾಗ ಸಿಗದೆ ಕಾಕು ‘ಮಳಿಗಾಲಕ್ಕ’ ರಾಶಿಯ ಮೇಲೆಯೇ ಕೂತು ಬಂದರು. “ನಿಮ್ಮ ಕಾಕಾನ ಪುಸ್ತಕ ನನಗ ಉಪಯೋಗಕ್ಕ ಬಂದದ್ದು ಅದೊಂದs ಸಲಾ,” ಎಂದು ಇವತ್ತಿಗೂ ಹೇಳುತ್ತಾರೆ.

ಹೋದ ವಾರ ಕಾಕಾ ಪೇಟೆಗೆ ಹೋಗಿದ್ದಾಗ ನಾನು ಅವರ ಮನೆಯಲ್ಲಿ ಚಹಾಕ್ಕೆ ಕಾಯುತ್ತಿದ್ದೆ. ಕಪಾಟಿಗೆ ಕೀಲಿ ಇತ್ತು, ಆದರೆ ಹಾಕಿರಲಿಲ್ಲ. ಹೇಗೂ ಸಿಕ್ಕಿದೆ ಎಂದು ‘ಪರ್ವ’ ಎಳೆದೆ. (ನಾನೂ ಅದನ್ನು ಕೊಂಡು ಎಂಟು ವರ್ಷವಾಯಿತು. ಎಲ್ಲಿ ನಿಂತಿದೆ ಎಂದು ಇಲ್ಲಿ ಹೇಳುವುದಿಲ್ಲ.) ಚಿಂಚಲಿಯ ಪುಟದಲ್ಲಿ ಟಿಕೀಟು ಹಳದಿಯಾಗಿ ಕೂತಿತ್ತು. ಬಹಳ ಮುಂದೆ, ಹಿಂದಿನ ರಟ್ಟಿಗೆ ಒಂದು ಬೆರಳು ದಪ್ಪದಷ್ಟು ಹಾಳೆ ಉಳಿದ ಕಡೆ, ಉರಿದು ಉಳಿದ ಊದಿನಕಡ್ಡಿಯ ಕೆಂಪು ಕಡ್ಡಿಯೊಂದಿತ್ತು. ಪಕ್ಕದ ‘ನಿಸರ್ಗ’ ತೆಗೆದೆ. ಅದರಲ್ಲಿ ಕಡ್ಡಿ ಕೊನೆಯ ಪುಟದಲ್ಲಿತ್ತು. ಮರಾಠಿ ‘ಯಯಾತಿ’ಯಲ್ಲೂ ಹಾಗೆಯೇ.

ಕಾಕು ಚಹಾದ ಕಪ್ಪು ತಂದು ಟೇಬಲ್ಲಿನ ಮೇಲಿಟ್ಟರು. ನನ್ನ ಕೈಯಿಂದ ‘ಪರ್ವ’ ತೆಗೆದುಕೊಂಡು, ಕಡ್ಡಿ ಜಾರಿಲ್ಲವೆಂದು ನೋಡಿ, ಇದ್ದಲ್ಲೇ ಇಟ್ಟರು.

“ಅದನ್ನ ಒಯ್ಯಬ್ಯಾಡಪಾ,” ಎಂದರು, “ಇನ್ನೂ ನಡದೈತಿ.”